ಎರಡು ಬಲ್ಬು, ಎರಡು ಸ್ವಿಚ್ಚು, ಒಂದು ತಿದ್ದುಪಡಿ

ಮಾವನ ರಿಪೇರಿ ಅಂಗಡಿಯ ಕೌಂಟರಿನ ಮೇಲೆ ಒಂದು ಹಲಗೆ ಇರುತ್ತಿತ್ತು. ಒಂದೂವರೆ ಅಡಿ ಉದ್ದದ ಪ್ಲೈವುಡ್ ತುಂಡು. ಅದರ ಮೇಲೆ ಸ್ಕೂಟರಿನ ಇಂಡಿಕೇಟರಿಗೆ ಹಾಕುವಂಥ 12 ವೋಲ್ಟಿನ ಎರಡು ಬಲ್ಬು. ಒಂದಕ್ಕೆ ಕೆಂಪು ಬಣ್ಣ ಬಳಿದದ್ದು, ಇನ್ನೊಂದಕ್ಕೆ ಹಸಿರು. ಕೆಳಗೆ ಹಳೆಯ ಕಾಲದ ಎರಡು ಕಪ್ಪು ಸ್ವಿಚ್ಚು. ಒಂದರ ಮೇಲೆ ಕೆಂಪು ಚುಕ್ಕೆ, ಇನ್ನೊಂದರ ಮೇಲೆ ಹಸಿರು ಚುಕ್ಕೆ. ಈ ನಾಲ್ಕನ್ನೂ ಹೂ ಪೋಣಿಸಿದ ಹಾಗೆ ಒಂದರ ಹಿಂದೆ ಒಂದು ಪೋಣಿಸಿದ ಒಂದೇ ವಯರು. ವಯರಿನ ಎರಡು ತುದಿಗೆ ಕ್ಲಿಪ್ಪು ಹಾಕಿ ಪಕ್ಕದಲ್ಲಿದ್ದ ಸಣ್ಣ ಟ್ರಾನ್ಸ್‌ಫಾರ್ಮರಿಗೆ ಕಚ್ಚಿಸಿದ್ದ. ಗೋಡೆಯ 230 ವೋಲ್ಟನ್ನು ಅದು 12ಕ್ಕೆ ಇಳಿಸುತ್ತಿತ್ತು. ಮಕ್ಕಳು ಮುಟ್ಟಿದರೂ ಭಯವಿಲ್ಲ.

ಒಂದೇ ವಯರಿನಲ್ಲಿ ಸಾಲಾಗಿ ಎಲ್ಲವೂ ಇದ್ದರೆ ಏನಾಗಬೇಕು? ಹೈಸ್ಕೂಲಿನಲ್ಲಿ ಕಲಿತದ್ದೇ. ಎರಡೂ ಸ್ವಿಚ್ ಹಾಕಿದರೆ ಎರಡೂ ಬಲ್ಬು ಉರಿಯಬೇಕು, ಯಾವುದಾದರೂ ಒಂದು ಸ್ವಿಚ್ ತೆಗೆದರೆ ಎರಡೂ ಆರಬೇಕು. ಮಾವನ ಹಲಗೆಯಲ್ಲಿ ಹಾಗಾಗುತ್ತಿರಲಿಲ್ಲ. ಕೆಂಪು ಸ್ವಿಚ್ ಹಾಕಿದರೆ ಕೆಂಪು ಬಲ್ಬು ಮಾತ್ರ, ಹಸಿರು ಹಾಕಿದರೆ ಹಸಿರು ಮಾತ್ರ. ಎರಡನ್ನೂ ಹಾಕಿದರೆ ಎರಡೂ.

ಪಂಥ ಒಂದು ಚಾ, ಒಂದು ಪ್ಲೇಟ್ ಗೋಳಿಬಜೆ. ಬಿಚ್ಚುವ ಹಾಗಿಲ್ಲ, ಮೀಟರ್ ಇಡುವ ಹಾಗಿಲ್ಲ, ಬೇರೆ ಎಂತ ಬೇಕಾದರೂ ಮಾಡಬಹುದು. ಬಸ್ಸಿಗೆ ಕಾಯುವವರು, ಮಿಕ್ಸಿ ತಂದವರು, ಪಕ್ಕದ ಟೈಲರು, ಎಲ್ಲರೂ ಒಂದಲ್ಲ ಒಂದು ದಿನ ಪ್ರಯತ್ನ ಮಾಡಿ ಸೋತವರೇ. ಒಬ್ಬ ಕಂಡಕ್ಟರು ಹಲಗೆಯೊಳಗೆ ಅಯಸ್ಕಾಂತ ಉಂಟು ಎಂದ. ಇನ್ನೊಬ್ಬರು ಕೆಳಗಡೆ ಬೇರೆ ವಯರು ಅಡಗಿದೆ ಎಂದರು. ಮಾವ ಏನೂ ಹೇಳದೆ ಹಲಗೆಯನ್ನು ಮಗುಚಿ ತೋರಿಸಿದ. ಹಿಂಬದಿ ಬೋಳು. ಐಟಿಐ ಹುಡುಗನೊಬ್ಬ ಕಾಗದದ ಮೇಲೆ ಸರ್ಕ್ಯೂಟ್ ಬರೆದು, ಲೆಕ್ಕ ಹಾಕಿ, "ಇದು ಸಾಧ್ಯವೇ ಇಲ್ಲ" ಎಂದು ಘೋಷಿಸಿದ್ದ. ಅವನು ಹಾಗೆ ಹೇಳುವಾಗ ಕೆಂಪು ಬಲ್ಬು ಅವನ ಎದುರೇ ಉರಿಯುತ್ತಿತ್ತು.

ಅದಕ್ಕಿಂತ ದೊಡ್ಡ ತಮಾಷೆ ಇನ್ನೊಂದು. ಮಾವ ಎರಡೂ ಬಲ್ಬನ್ನು ಹೋಲ್ಡರಿನಿಂದ ತೆಗೆದು ಜಾಗ ಅದಲುಬದಲು ಮಾಡುತ್ತಿದ್ದ. ಆಗಲೂ ಕೆಂಪು ಸ್ವಿಚ್ಚಿಗೆ ಕೆಂಪು ಬಲ್ಬೇ ಉರಿಯುತ್ತಿತ್ತು, ಹಟ್ಟಿ ಬದಲಿಸಿದರೂ ತನ್ನ ತಾಯಿಯನ್ನೇ ಹುಡುಕಿಕೊಂಡು ಹೋಗುವ ಕರುವಿನ ಹಾಗೆ. ಒಂದು ಬಲ್ಬನ್ನು ಪೂರ್ತಿ ತೆಗೆದರೆ ಮಾತ್ರ ಇನ್ನೊಂದೂ ಆರಿಹೋಗುತ್ತಿತ್ತು. ಅಂದರೆ ವಯರು ಒಂದೇ, ಸಂಶಯವಿಲ್ಲ.

ಚಿಕ್ಕಂದಿನಲ್ಲಿ ರಜೆಗೆ ಅಜ್ಜನ ಮನೆಗೆ ಹೋದಾಗಲೆಲ್ಲ ಈ ಹಲಗೆಯ ಮುಂದೆ ಕೂತಿದ್ದೇನೆ. ಗುಟ್ಟು ಹೇಳು ಎಂದು ಗೋಗರೆದಿದ್ದೇನೆ. "ಹೇಳಿದರೆ ಅದು ನನ್ನದೇ ಆಯ್ತಲ್ಲ, ನಿಂದು ಹೇಗೆ ಆಗ್ತದೆ?" ಎನ್ನುತ್ತಿದ್ದ ಮಾವ. ಆಮೇಲೆ ಪಿಯುಸಿ, ಡಿಗ್ರಿ ಎಂದು ನಾನು ಅದನ್ನು ಮರೆತೆ. ಮತ್ತೆ ಅದರ ಮುಂದೆ ಕೂರುವ ಹಾಗೆ ಮಾಡಿದ್ದು ನಾನೇ ಬರೆದ ಒಂದು ವರದಿ.

ಪತ್ರಿಕೋದ್ಯಮ ಕ್ಲಾಸಿನಲ್ಲಿ ಕೂತವರಿಗೆ ಪ್ರಾಯೋಗಿಕ ಪತ್ರಿಕೆಯ ಗಡಿಬಿಡಿ ಗೊತ್ತು. ಪುಟ ತುಂಬಿಸಬೇಕು, ಊರಿನದ್ದೇ ವಿಷಯ ಬೇಕು, ಜನರ ಸಮಸ್ಯೆ ಇರಬೇಕು. ನನಗೆ ಸಿಕ್ಕಿದ್ದು ನಮ್ಮ ಪೇಟೆಯ ಒಬ್ಬರು ನಿವೃತ್ತ ಮೇಷ್ಟ್ರು. ಅವರ ಟಿವಿ ತಿಂಗಳೊಳಗೆ ಎರಡು ಸಲ ಸುಟ್ಟಿತ್ತು. ಎರಡು ಸಲವೂ ಪವರ್ ಸಪ್ಲೈ ಬೋರ್ಡು. ರಿಪೇರಿಯವರು ಹಳೇ ಪಾರ್ಟ್ ಹಾಕಿ ಹೊಸದರ ದುಡ್ಡು ತೆಗೆದುಕೊಳ್ಳುತ್ತಾರೆ ಎಂದು ನಾನು ಬರೆದೆ. ಅಂಗಡಿಯ ಹೆಸರು ಹಾಕಲಿಲ್ಲ, "ಬಸ್‌ ಸ್ಟ್ಯಾಂಡ್ ಬಳಿಯ ಅಂಗಡಿ" ಎಂದಷ್ಟೇ. ಬಸ್‌ ಸ್ಟ್ಯಾಂಡ್ ಬಳಿ ಇದ್ದದ್ದು ಒಂದೇ ರಿಪೇರಿ ಅಂಗಡಿ. ಅದು ಮಾವನದ್ದು.

ಮಾವನನ್ನು ಯಾಕೆ ಕೇಳಲಿಲ್ಲ ಎಂದರೆ, ಆಗ ನನ್ನ ಬಳಿ ಒಳ್ಳೆಯ ಉತ್ತರ ಇತ್ತು. ಸ್ವಂತ ಮಾವ, ಕೇಳಿದರೆ ಪಕ್ಷಪಾತ ಆಗ್ತದೆ, ಸಂಬಂಧ ನೋಡದೆ ಬರೆಯುವುದೇ ನಿಷ್ಪಕ್ಷಪಾತ. ಇದನ್ನು ನಾನು ನಿಜಕ್ಕೂ ನಂಬಿದ್ದೆ. ಕ್ಲಾಸಿನಲ್ಲಿ ಹೊಗಳಿಕೆಯೂ ಸಿಕ್ಕಿತು. ಪತ್ರಿಕೆಯ ಪ್ರತಿಗಳು ಪೇಟೆಗೂ ಹೋದವು. ಸಣ್ಣ ಪೇಟೆಯಲ್ಲಿ ಸುದ್ದಿ ಹಬ್ಬಲು ಎಂಟು ಪುಟ ಬೇಕಾಗಿಲ್ಲ. ರಿಪೇರಿಗೆ ಬರುವವರು ಕಡಿಮೆಯಾದರು. ಬಂದವರಲ್ಲಿ ಕೆಲವರು "ಹಳೇ ಪಾರ್ಟ್ ನಮ್ಮ ಕೈಗೆ ಕೊಡಿ" ಎಂದು ಎದುರಲ್ಲೇ ನಿಂತರು.

ಸೆಮಿಸ್ಟರ್ ರಜೆಗೆ ನಾನು ಅಂಗಡಿಗೆ ಹೋದಾಗ ಮಾವ ಸೋಲ್ಡರಿಂಗ್ ಐರನ್ ಕೆಳಗಿಟ್ಟು, ಡ್ರಾಯರಿನಿಂದ ಆ ಪತ್ರಿಕೆ ತೆಗೆದ. "ಭಾಷೆ ಚಂದ ಉಂಟು" ಎಂದ. ನಾನು ಏನಾದರೂ ಹೇಳುವ ಮೊದಲೇ ಹಲಗೆಯನ್ನು ನನ್ನ ಮುಂದೆ ತಳ್ಳಿದ. "ಇದನ್ನು ಬಿಡಿಸು ಮಾರಾಯ್ತಿ. ಬಿಡಿಸಿದ ಮೇಲೆ ಟಿವಿಯ ಸಂಗತಿ ಮಾತಾಡುವ."

ಬೈದಿದ್ದರೆ ಸುಲಭ ಇತ್ತು.

ಮೂರು ದಿನ ಆ ಹಲಗೆಯ ಮುಂದೆ ಕೂತೆ. ವಯರನ್ನು ಬೆರಳಲ್ಲಿ ಹಿಡಿದು ತುದಿಯಿಂದ ತುದಿಗೆ ಹೋದೆ. ಕ್ಲಿಪ್ಪುಗಳನ್ನು ಅದಲುಬದಲು ಮಾಡಿದೆ, ಏನೂ ವ್ಯತ್ಯಾಸವಾಗಲಿಲ್ಲ. ಸ್ವಿಚ್ಚಿನ ಸದ್ದು ಕೇಳಿದೆ. ನೋಟ್‌ಬುಕ್ಕಿನಲ್ಲಿ ಚಿತ್ರದ ಮೇಲೆ ಚಿತ್ರ ಬರೆದೆ. ಈಗ ಯೋಚಿಸಿದರೆ, ನಾನು ಮಾಡಿದ್ದೆಲ್ಲ ಒಂದೇ ಕೆಲಸ. ಕಾಣುವುದನ್ನು ಮತ್ತೆ ಮತ್ತೆ ನೋಡಿದ್ದು. ವಯರು ಕಾಣುತ್ತದೆ, ಆದ್ದರಿಂದ ವಯರು ನೋಡಿದೆ. ಆ ವಯರಿನಲ್ಲಿ ಏನು ಹೋಗುತ್ತಿದೆ ಎಂದು ಕೇಳಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಗಾಳಿಮಳೆಗೆ ಕರೆಂಟು ಹೋಯಿತು. ಮಾವ ಊಟಕ್ಕೆ ಹೋಗಿದ್ದ. ಮೂಲೆಯಲ್ಲಿ ಪರೀಕ್ಷೆಗೆಂದು ಇಟ್ಟಿದ್ದ 12 ವೋಲ್ಟಿನ ಬ್ಯಾಟರಿ ಇತ್ತು. ಬೇಜಾರಿಗೆ ಹಲಗೆಯ ಕ್ಲಿಪ್ಪುಗಳನ್ನು ಅದಕ್ಕೆ ಕಚ್ಚಿಸಿದೆ. 12 ವೋಲ್ಟ್ ಅಂದರೆ 12 ವೋಲ್ಟ್, ಅದೇ ಆಟ ಮುಂದುವರಿಯುತ್ತದೆ ಎಂದುಕೊಂಡಿದ್ದೆ.

ಕೆಂಪು ಸ್ವಿಚ್ ಹಾಕಿದೆ. ಏನೂ ಇಲ್ಲ. ಹಸಿರು ಹಾಕಿದೆ. ಹಸಿರು ಬಲ್ಬು ಉರಿಯಿತು. ಕೆಂಪು ಸ್ವಿಚ್ ತೆಗೆದೆ, ಹಾಕಿದೆ, ತೆಗೆದೆ. ಹಸಿರು ಬಲ್ಬಿಗೆ ಅದರ ಗೊಡವೆಯೇ ಇಲ್ಲ. ಕೆಂಪು ಬಲ್ಬು ಸತ್ತ ಹಾಗೆ ಕೂತಿತ್ತು. ಇನ್ನೂ ಒಂದು ಸಂಗತಿ ಕಂಡಿತು. ಹಸಿರು ಬಲ್ಬು ದಿನಾ ಉರಿಯುವುದಕ್ಕಿಂತ ಜಾಸ್ತಿ ಪ್ರಖರವಾಗಿ ಉರಿಯುತ್ತಿತ್ತು.

ಕೈ ನಡುಗಿತು. ಹಾಳು ಮಾಡಿಬಿಟ್ಟೆನಾ ಎಂದು ಕ್ಲಿಪ್ ತೆಗೆದೆ. ಮತ್ತೆ ಹಾಕುವಾಗ ಗಡಿಬಿಡಿಯಲ್ಲಿ ಪ್ಲಸ್ಸು ಮೈನಸ್ಸು ತಿರುಗಿಹೋಯಿತು. ಈಗ ಎಲ್ಲ ಉಲ್ಟಾ. ಕೆಂಪು ಸ್ವಿಚ್ಚಿಗೆ ಕೆಂಪು ಬಲ್ಬು ಉರಿಯುತ್ತದೆ, ಹಸಿರು ಸ್ವಿಚ್ಚು ಯಾವ ಕೆಲಸಕ್ಕೂ ಇಲ್ಲ, ಹಸಿರು ಬಲ್ಬು ಸತ್ತಿದೆ.

ಮಳೆ ನೋಡುತ್ತಾ ಎಷ್ಟು ಹೊತ್ತು ಕೂತೆನೋ. ಮೊದಲು ಒಂದು ಮಾತು ಹೊಳೆಯಿತು. ಹಸಿರು ಬಲ್ಬು ಉರಿಯುತ್ತಿದೆ ಎಂದರೆ ಸಾಲಿನಲ್ಲಿ ಕರೆಂಟು ಹರಿಯುತ್ತಿದೆ. ಕೆಂಪು ಬಲ್ಬೂ ಅದೇ ಸಾಲಿನಲ್ಲಿದೆ, ಆದರೂ ಉರಿಯುತ್ತಿಲ್ಲ. ಹಾಗಾದರೆ ಕರೆಂಟು ಕೆಂಪು ಬಲ್ಬಿನ ತಂತಿಯನ್ನು ಬಿಟ್ಟು ಬೇರೆ ಒಳದಾರಿಯಲ್ಲಿ ದಾಟುತ್ತಿದೆ. ಕೆಂಪು ಸ್ವಿಚ್ ಆಫ್ ಇದ್ದರೂ ಹಸಿರು ಉರಿಯುತ್ತಿದೆ. ಹಾಗಾದರೆ ಆ ಸ್ವಿಚ್ಚಿನಲ್ಲೂ ಒಂದು ಒಳದಾರಿ ಇದೆ. ಬ್ಯಾಟರಿ ತಿರುಗಿಸಿದರೆ ಈ ದಾರಿಗಳು ಮುಚ್ಚಿ ಬೇರೆ ದಾರಿಗಳು ತೆರೆಯುತ್ತವೆ. ಒಂದು ಕಡೆಗೆ ಮಾತ್ರ ಬಿಡುವ ದಾರಿ ಎಂದರೆ ಡಯೋಡ್. ಒಂದಲ್ಲ, ನಾಲ್ಕು. ಪ್ರತಿ ಬಲ್ಬಿನ ಹೊಟ್ಟೆಯಲ್ಲಿ ಒಂದು, ಪ್ರತಿ ಸ್ವಿಚ್ಚಿನ ಹೊಟ್ಟೆಯಲ್ಲಿ ಒಂದು.

ಮನೆಯ ಕರೆಂಟು ಬ್ಯಾಟರಿಯದ್ದರ ಹಾಗೆ ಒಂದೇ ಕಡೆಗೆ ಹರಿಯುವುದಿಲ್ಲ. ಇಬ್ಬರು ಎರಡು ಕಡೆಯಿಂದ ಎಳೆಯುವ ದೊಡ್ಡ ಗರಗಸದ ಹಾಗೆ ಹೋಗುತ್ತದೆ, ಬರುತ್ತದೆ. ನಮ್ಮಲ್ಲಿ ಸೆಕೆಂಡಿಗೆ 50 ಸಲ ಹೋಗಿ 50 ಸಲ ಬರುತ್ತದೆ. ಕೆಂಪು ಸ್ವಿಚ್ಚಿನೊಳಗಿನ ಡಯೋಡ್ ಹೋಗುವುದನ್ನು ಮಾತ್ರ ಬಿಡುತ್ತದೆ, ಹಸಿರಿನದ್ದು ಬರುವುದನ್ನು ಮಾತ್ರ. ಎರಡೂ ಸ್ವಿಚ್ ಆಫ್ ಇದ್ದರೆ ಒಂದು ಹೋಗುವುದನ್ನು ತಡೆಯುತ್ತದೆ, ಇನ್ನೊಂದು ಬರುವುದನ್ನು. ಕತ್ತಲೆ. ಕೆಂಪು ಸ್ವಿಚ್ ಹಾಕಿದರೆ ಅದರ ಡಯೋಡಿನ ಕಾವಲು ಮುಗಿಯಿತು, ಉಳಿದದ್ದು ಹಸಿರಿನದ್ದು. ಈಗ ಬರುವ ಕರೆಂಟು ಮಾತ್ರ ಸಾಲಿನಲ್ಲಿ ಹರಿಯುತ್ತದೆ. ಅದು ಹಸಿರು ಬಲ್ಬನ್ನು ಒಳದಾರಿಯಲ್ಲಿ ದಾಟಿಬಿಡುತ್ತದೆ. ಕೆಂಪು ಬಲ್ಬಿನ ಒಳದಾರಿ ಉಲ್ಟಾ ಇರುವುದರಿಂದ ಅಲ್ಲಿ ತಂತಿಯ ಮೂಲಕವೇ ಹೋಗಬೇಕು. ಕೆಂಪು ಉರಿಯುತ್ತದೆ. ಹಸಿರು ಸ್ವಿಚ್ಚಿಗೂ ಇದೇ ಲೆಕ್ಕ, ದಿಕ್ಕು ಮಾತ್ರ ಬೇರೆ. ಎರಡೂ ಹಾಕಿದಾಗ ಎರಡು ಬಲ್ಬೂ ಒಟ್ಟಿಗೆ ಉರಿದ ಹಾಗೆ ಕಂಡರೂ ಅವು ಸರದಿಯಲ್ಲಿ ಉರಿಯುತ್ತವೆ. ಕಣ್ಣಿಗೆ ಅಷ್ಟು ವೇಗ ಸಿಗುವುದಿಲ್ಲ.

ಬ್ಯಾಟರಿಯಲ್ಲಿ ಬಲ್ಬು ಪ್ರಖರವಾಗಿ ಉರಿದದ್ದೂ ಅದಕ್ಕೇ. ಟ್ರಾನ್ಸ್‌ಫಾರ್ಮರಿನಲ್ಲಿ ಪ್ರತಿ ಬಲ್ಬಿಗೆ ಸಿಗುವುದು ಅರ್ಧ ಹೊತ್ತಿನ ಕರೆಂಟು, ಬ್ಯಾಟರಿಯಲ್ಲಿ ಇಡೀ ಹೊತ್ತಿನದ್ದು. ಆ ಮಂಕು ಬೆಳಕು ಇಷ್ಟು ವರ್ಷ ನಮ್ಮೆಲ್ಲರ ಎದುರಿಗೇ ಇತ್ತು. ಯಾರೂ ಅದನ್ನು ಸುಳಿವು ಎಂದು ನೋಡಿರಲಿಲ್ಲ.

ಮಾವ ಬಂದಾಗ ಎಲ್ಲ ಹೇಳಿದೆ. ಅವನು ಕೆಂಪು ಬಲ್ಬನ್ನು ಅಂಗೈಯಲ್ಲಿಟ್ಟು, ಅದರ ಹಿತ್ತಾಳೆ ಬುಡವನ್ನು ಬಿಡಿಸಿದ್ದು, ಒಳಗೆ 1ಎನ್ 4007 ಡಯೋಡ್ ಕೂರಿಸಿದ್ದು, ಮತ್ತೆ ಅಂಟು ಹಾಕಿ ಮುಚ್ಚಿದ್ದು, ಎರಡು ಬಲ್ಬು ಒಡೆದು ಮೂರನೆಯದು ಸರಿಬಂದದ್ದು, ಎಲ್ಲ ಕತೆ ಹೇಳಿದ. ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪದ ಕಪ್ಪು ವಸ್ತು, ಒಂದು ತುದಿಗೆ ಬೆಳ್ಳಿ ಪಟ್ಟಿ. ಆ ಪಟ್ಟಿ ಯಾವ ಕಡೆಗಿದೆ ಎನ್ನುವುದರಲ್ಲೇ ಇಡೀ ಒಗಟು ಇತ್ತು. "ನೀನು ಇದನ್ನು ಬಿಡಿಸಿದ್ದು ನೋಡಿ ಅಲ್ಲ, ಸಪ್ಲೈ ಬದಲಿಸಿ" ಎಂದ. ಆಮೇಲೆ ಗೋಳಿಬಜೆ ತರಿಸಿದ.

ಆಮೇಲೆ ಟಿವಿಯ ಸಂಗತಿ. ಸಂಜೆ ಮಾವ ಮೀಟರ್ ಹಿಡಿದು ನನ್ನನ್ನು ಮೇಷ್ಟ್ರ ಮನೆಗೆ ಕರೆದುಕೊಂಡು ಹೋದ. ಮೇಷ್ಟ್ರು ನಮ್ಮನ್ನು ನೋಡಿ ಮುಜುಗರಪಟ್ಟರು, ನಾನೂ. ಮಾವ ಮೀಟರನ್ನು ಪ್ಲಗ್ಗಿಗೆ ಕೊಟ್ಟು, "ನೋಡ್ತಾ ಇರು" ಎಂದು ನನ್ನನ್ನು ಕೂರಿಸಿದ. ಮೀಟರ್ 235ರ ಸುತ್ತಮುತ್ತ ಆಡುತ್ತಿತ್ತು. ಕಾಲು ಗಂಟೆ ಕಳೆದಿರಬೇಕು, ಆಚೆ ಮನೆಯವರು ಬಾವಿಯ ಪಂಪು ಹಾಕಿದರು. ಜಗಲಿಯ ಬಲ್ಬು ಪಕ್ಕನೆ ಪ್ರಖರವಾಯಿತು. ಮೀಟರ್ 278ಕ್ಕೆ ಏರಿತು.

ಪಕ್ಕದಲ್ಲಿ ಪಂಪು ಹಾಕಿದರೆ ದೀಪ ಮಂಕಾಗಬೇಕು. ಪ್ರಖರವಾದರೆ ಕಂಬದಲ್ಲಿ ನ್ಯೂಟ್ರಲ್ ಸಡಿಲ ಇದೆ ಎಂದೇ ಲೆಕ್ಕ. ಎರಡು ಮನೆಗೆ ಬೇರೆ ಬೇರೆ ಫೇಸು, ವಾಪಸು ಹೋಗುವ ನ್ಯೂಟ್ರಲ್ ಮಾತ್ರ ಒಂದೇ. ಅದು ಗಟ್ಟಿ ಇಲ್ಲದಿದ್ದರೆ ಎರಡು ಮನೆಯೂ ಗೊತ್ತಿಲ್ಲದೆ ಸಾಲಿನಲ್ಲಿ ಪೋಣಿಸಿದ ಹಾಗಾಗಿ, ಭಾರ ಹೆಚ್ಚಿದ್ದ ಮನೆಗೆ ವೋಲ್ಟೇಜು ಇಳಿಯುತ್ತದೆ, ಭಾರ ಕಡಿಮೆ ಇದ್ದ ಮನೆಗೆ ಏರುತ್ತದೆ. ಆ ಏರಿಕೆಗೆ ಮೇಷ್ಟ್ರ ಟಿವಿ ಎರಡು ಸಲ ಬಲಿಯಾಗಿತ್ತು. ಮರುದಿನ ಲೈನ್‌ಮನ್ ಕಂಬ ಹತ್ತಿ, ಕಪ್ಪಾಗಿದ್ದ ಒಂದು ಜಾಯಿಂಟನ್ನು ಕೆರೆದು ಬಿಗಿ ಮಾಡಿದ. ಮತ್ತೆ ಆ ಟಿವಿ ಸುಡಲಿಲ್ಲ.

ಎರಡನೇ ಸಲದ ರಿಪೇರಿಗೆ ಮಾವ ಮಜೂರಿ ತೆಗೆದುಕೊಂಡಿರಲಿಲ್ಲ ಎಂದು ಅವತ್ತು ಗೊತ್ತಾಯಿತು. ಒಂದು ಮಾತು ಕೇಳಿದ್ದರೆ ಮೊದಲೇ ಗೊತ್ತಾಗುತ್ತಿತ್ತು.

ಆಮೇಲೆ ಇಂಥ ಒಗಟುಗಳ ಹುಚ್ಚು ಹಿಡಿಯಿತು. ಭೌತಶಾಸ್ತ್ರದವರು ಇದನ್ನು ಕಪ್ಪು ಪೆಟ್ಟಿಗೆ ಎನ್ನುತ್ತಾರೆ. ಮುಚ್ಚಿದ ಡಬ್ಬಿ, ಹೊರಗೆ ಎರಡೋ ಮೂರೋ ತುದಿ, ಒಳಗೇನಿದೆ ಹೇಳಬೇಕು. ಭೌತಶಾಸ್ತ್ರ ಒಲಿಂಪಿಯಾಡಿನ ಪ್ರಾಯೋಗಿಕ ಪರೀಕ್ಷೆಗಳಲ್ಲೂ ಇಂಥವು ಬರುವುದುಂಟು. ಮಾವ ನನಗಾಗಿ ಹಳೆಯ ಬೆಂಕಿಪೆಟ್ಟಿಗೆಗಳಲ್ಲಿ ಮಾಡಿಕೊಡುತ್ತಿದ್ದ. ಬಿಡಿಸುವ ಕ್ರಮ ಒಂದೇ. ಮೊದಲು ಬ್ಯಾಟರಿ ಕೊಡು, ಆಮೇಲೆ ತಿರುಗಿಸಿ ಕೊಡು, ಆಮೇಲೆ ಟ್ರಾನ್ಸ್‌ಫಾರ್ಮರಿನ ಕರೆಂಟು ಕೊಡು. ಮೂರಕ್ಕೂ ಒಂದೇ ರೀತಿ ಇದ್ದರೆ ಒಳಗಿರುವುದು ರೆಸಿಸ್ಟರ್. ತಿರುಗಿಸಿದಾಗ ಮಾತು ಬದಲಿಸಿದರೆ ಡಯೋಡ್. ಬ್ಯಾಟರಿಗೆ ಬಾಗಿಲು ಮುಚ್ಚಿ, ಹೋಗಿಬರುವ ಕರೆಂಟನ್ನು ಮಾತ್ರ ಬಿಟ್ಟರೆ ಕೆಪಾಸಿಟರ್. ಮಾವನ ಹಳೆಯ ಮುಳ್ಳಿನ ಮೀಟರಿನಲ್ಲಿ ಕೆಪಾಸಿಟರ್ ಇಟ್ಟರೆ ಮುಳ್ಳು ಒಮ್ಮೆ ಜಿಗಿದು ನಿಧಾನಕ್ಕೆ ವಾಪಸು ಬರುವುದನ್ನು ನೋಡುವುದೇ ಒಂದು ಚಂದ.

ಹೀಗೆ ಓದುವಾಗ ತೆವನಿನ್ ಎಂಬ ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್ 1883ರಲ್ಲಿ ಪ್ರಕಟಿಸಿದ ಪ್ರಮೇಯ ಸಿಕ್ಕಿತು. ಡಬ್ಬಿಯೊಳಗೆ ಎಷ್ಟೇ ಬ್ಯಾಟರಿ, ಎಷ್ಟೇ ರೆಸಿಸ್ಟರು ಹೇಗೇ ಜೋಡಿಸಿರಲಿ, ಹೊರಗಿನ ಎರಡು ತುದಿಯಿಂದ ಅಳೆದರೆ ಅದು ಒಂದು ಬ್ಯಾಟರಿ, ಒಂದು ರೆಸಿಸ್ಟರಿನ ಹಾಗೆಯೇ ಕಾಣುತ್ತದೆ. ಲೆಕ್ಕ ಮಾಡುವವರಿಗೆ ಇದು ದೊಡ್ಡ ಉಪಕಾರ. ಒಗಟು ಬಿಡಿಸುವವರಿಗೆ ಎಚ್ಚರಿಕೆ. ಆ ಎರಡು ತುದಿಯಿಂದ ಎಷ್ಟು ಸಲ ಅಳೆದರೂ ಕೆಲವು ಡಬ್ಬಿಗಳ ಒಳಗು ಗೊತ್ತಾಗುವುದೇ ಇಲ್ಲ. ಒಂದೇ ಅಳತೆಗೆ ಹತ್ತು ಉತ್ತರ ಹೊಂದುತ್ತದೆ. ಟಿವಿ ಎರಡು ಸಲ ಸುಟ್ಟಿತು ಎನ್ನುವುದು ಒಂದು ಅಳತೆ. ಹಳೇ ಪಾರ್ಟ್ ಎನ್ನುವುದು ಅದಕ್ಕೆ ಹೊಂದುವ ಒಂದು ಉತ್ತರ, ಅಷ್ಟೇ.

ಮಾವ ಅಂಗಡಿ ಮುಚ್ಚಿ ಕೆಲವು ವರ್ಷ ಆಯಿತು. ನನ್ನ ವರದಿಯಿಂದ ಮುಚ್ಚಿದ್ದಲ್ಲ. ಟಿವಿ ಹಾಳಾದರೆ ಈಗ ಬೋರ್ಡೇ ಬದಲಿಸುತ್ತಾರೆ, ಇಲ್ಲವೇ ಟಿವಿಯನ್ನೇ. ಹಲಗೆ ನನ್ನ ಜೊತೆ ಬೆಂಗಳೂರಿಗೆ ಬಂತು. ಮೊನ್ನೆ ಕೆಂಪು ಬಲ್ಬು ಸುಟ್ಟುಹೋಯಿತು. ಎಸ್.ಪಿ. ರೋಡಿಗೆ ಹೋಗಿ ಬಲ್ಬು, ಡಯೋಡು ತಂದು, ಅರ್ಧ ದಿನ ಕೂತು ಬುಡ ಬಿಡಿಸಿ ನಾನೇ ಕೂರಿಸಿದೆ. ಹಸಿರು ಸ್ವಿಚ್ ಹಾಕಿದರೆ ಎರಡೂ ಬಲ್ಬು ಮಂಕಾಗಿ ಉರಿದವು. ಕೆಂಪು ಹಾಕಿದರೆ ಯಾವುದೂ ಇಲ್ಲ, ಟ್ರಾನ್ಸ್‌ಫಾರ್ಮರ್ ಗುಂಯ್ ಎಂದು ಫ್ಯೂಸ್ ಹೋಯಿತು. ಮಾವನಿಗೆ ಫೋನ್ ಮಾಡಿದೆ. ಏನೇನು ಕಂಡೆ ಎಂದು ಒಂದೊಂದಾಗಿ ಕೇಳಿದ. ಆಮೇಲೆ, "ಬೆಳ್ಳಿ ಪಟ್ಟಿ ತಿರುಗಿದೆ. ಬರುವ ಕರೆಂಟಿಗೆ ಎರಡು ಬಲ್ಬಿನಲ್ಲೂ ಒಳದಾರಿ ಆಯ್ತಲ್ಲ, ಶಾರ್ಟ್ ಆಗದೆ ಇರ್ತದಾ?" ಎಂದ.

ಆಗಲೇ ಹೇಳಿದೆ, ಆ ಹಳೆಯ ವರದಿಯ ಬಗ್ಗೆ ಬರೆಯುತ್ತೇನೆ ಎಂದು. ಅವತ್ತು ತಿದ್ದುಪಡಿ ಹಾಕಬೇಕಿತ್ತು. ಮುಂದಿನ ಸಂಚಿಕೆ ಬರುವಾಗ ಬೇರೆ ಬ್ಯಾಚು, ಬೇರೆ ಪುಟ. ನಾನು ಕೇಳಲಿಲ್ಲ, ಯಾರೂ ಕೇಳಲಿಲ್ಲ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರಿ. ಬರೆಯುವ ಮೊದಲು ಮೇಷ್ಟ್ರನ್ನು ಒಂದು ಮಾತು ಕೇಳು" ಎಂದ.

ಮೇಷ್ಟ್ರಿಗೆ ಈಗ ಎಂಬತ್ತು ದಾಟಿದೆ. ಫೋನಿನಲ್ಲಿ ಗುರುತು ಹಿಡಿದರು. ವರದಿಯ ನೆನಪೂ ಇತ್ತು. "ನಾನು ಹಾಗೆ ಹೇಳಿದ್ದಲ್ಲ ಮಗಾ," ಎಂದರು. "ಎರಡು ಸಲ ಸುಟ್ಟಿತು, ಹಳೇ ಪಾರ್ಟ್ ಹಾಕಿರಬಹುದಾ ಅಂತ ನಿನ್ನನ್ನು ಕೇಳಿದ್ದು. ನಿನ್ನ ಮಾವನ ಅಂಗಡಿ ಅಲ್ವಾ, ನಿನಗೆ ಗೊತ್ತಿರ್ತದೆ ಅಂತ."

ಊರಿಗೆ ಹೋದಾಗ ಅಟ್ಟದಲ್ಲಿ ಆ ವರ್ಷದ ನೋಟ್‌ಬುಕ್ ಹುಡುಕಿದೆ. ಸಿಕ್ಕಿತು. ಆ ದಿನದ ಪುಟದಲ್ಲಿ ಮೇಷ್ಟ್ರ ಹೆಸರಿನ ಕೆಳಗೆ ನನ್ನ ಅಕ್ಷರದಲ್ಲಿ ಎರಡೇ ಪದ ಇದೆ: "ಹಳೇ ಪಾರ್ಟ್". ಮುಂದೆ ಪ್ರಶ್ನೆಚಿಹ್ನೆ ಇಲ್ಲ.

ಹಾಗಾಗಿ ಇದು ತಿದ್ದುಪಡಿ. ಬಸ್‌ ಸ್ಟ್ಯಾಂಡ್ ಬಳಿಯ ಆ ಅಂಗಡಿಯವರು ಹಳೇ ಪಾರ್ಟ್ ಹಾಕಿರಲಿಲ್ಲ. ಹಾಕಿದ್ದಾರೆ ಎಂದು ಮೇಷ್ಟ್ರು ಹೇಳಿಯೂ ಇರಲಿಲ್ಲ. ಬರೆದವಳು ನಾನು.